ಗೂಟಕ್ಕೆ ಒಂದು ಕೊಡ ನೀರು

11 ಫೆಬ್ರವರಿ 2024, ಭಾನುವಾರ, ಬೋನಾಳ

ಈ ನೋಟ್‌ಬುಕ್ ನನ್ನ ಅಕ್ಕನ ಮಗಳು ಉಮಾಳದು. ಶಹಾಪುರದಲ್ಲಿ ಹಾಸ್ಟೆಲಿನಲ್ಲಿದ್ದು ಐಟಿಐ ಓದುತ್ತಾಳೆ, ಎಲೆಕ್ಟ್ರಿಷಿಯನ್ ಟ್ರೇಡು. ಮೊದಲ ನಾಲ್ಕು ಹಾಳೆ ಬರೆದು, ಅಕ್ಷರ ಸೊಟ್ಟ ಬಂತೆಂದು ಬೇರೆ ತಗೊಂಡಳಂತೆ. ಉಳಿದದ್ದನ್ನು ನನ್ನ ಕೈಗಿಟ್ಟು ಹೇಳಿದಳು, "ಮಾಮಾ, ನಿನ್ನ ಬಡಾಯಿ ಕೇಳಿ ಕೇಳಿ ಊರ ಮಂದಿ ಕಿವಿ ತೂತು ಬಿದ್ದಾವ. ಇನ್ನ ಇದರಾಗ ಬರಿ. ಹಾಳಿ ಎದ್ದು ಓಡಿ ಹೋಗಂಗಿಲ್ಲ."

ಬರೆಯುತ್ತೇನೆ. ನಾನು ಭಾಗಣ್ಣ, ಏಳನೆಯ ಇಯತ್ತೆ ಪಾಸು. ಆದರೆ ಬೋನಾಳ ಕೆರೆಯ ಸುತ್ತ ಯಾವ ಹೊಲದ ಮೋಟಾರು ಕೆಮ್ಮಿದರೂ ಮಂದಿ ಕೂಗುವುದು ನನ್ನ ಹೆಸರನ್ನೇ. ಕರೆಂಟ್ ಇದೆಯೋ ಇಲ್ಲವೋ ಎಂದು ನೋಡಲು ನಾನು ಟೆಸ್ಟರ್ ಹಿಡಿದವನಲ್ಲ. ಬೆರಳಿನ ಹಿಂಬದಿ ಸವರಿದರೆ ಸಾಕು.

ನನ್ನ ದೊಡ್ಡ ಕೆಲಸ ಯಾವುದೆಂದರೆ ಗೂಟ. ಹೊಲದ ಲೈನಿನಲ್ಲಿ ಬರುವುದು ಮೂರು ತಂತಿ, ಮೂರರಲ್ಲೂ ಕರೆಂಟ್. ಮೋಟಾರಿಗೆ ಅದು ಸಾಕು. ಆದರೆ ಹೊಲದಮನೆಯಲ್ಲಿ ಒಂದು ಬಲ್ಬು ಹತ್ತಬೇಕಾದರೆ, ಹೋದ ಕರೆಂಟ್ ತಿರುಗಿ ಬರಲು ನಾಲ್ಕನೆಯ ತಂತಿ ಬೇಕು. ನ್ಯೂಟ್ರಲ್ ಅನ್ನುತ್ತಾರೆ. ಅದು ಹೊಲದ ಲೈನಿನಲ್ಲಿ ಇಲ್ಲವೇ ಇಲ್ಲ. ನಾನೇನು ಮಾಡಿದೆ? ಮೂರು ಮೊಳ ಉದ್ದದ ಕಬ್ಬಿಣದ ಗೂಟವನ್ನು ಹಸಿ ನೆಲಕ್ಕೆ ಬಡಿದು, ಬಲ್ಬಿನ ಎರಡನೆಯ ತುದಿಯನ್ನು ಅದಕ್ಕೆ ಕಟ್ಟಿದೆ. ಫಕ್ಕನೆ ಹತ್ತಿತು! ಭೂಮಿಯೇ ತಂತಿ. ಈಗ ಹದಿಮೂರು ಹೊಲದಮನೆಗಳಲ್ಲಿ ನನ್ನ ಗೂಟ ಇದೆ. ಮೊದಲನೆಯದು ನನ್ನ ಅಕ್ಕ, ಉಮಾಳ ತಾಯಿ ಸುಗಲಮ್ಮನ ಹೊಲದಮನೆಯಲ್ಲಿ.

ಉಮಾಳ ಮೊದಲ ಹಾಳೆಯಲ್ಲಿ ಒಂದು ತ್ರಿಕೋನ ಇದೆ. ಮೇಲೆ ವೋಲ್ಟೇಜ್, ಕೆಳಗೆ ಕರೆಂಟ್ ಮತ್ತು ರೆಸಿಸ್ಟೆನ್ಸ್. ರೆಸಿಸ್ಟೆನ್ಸ್ ಅಂದರೆ ತಡೆ. ಬೇಕಾದುದನ್ನು ಬೆರಳಿನಿಂದ ಮುಚ್ಚಬೇಕಂತೆ. ಉಳಿದೆರಡು ಸೇರಿ ಮುಚ್ಚಿದ್ದು ಎಷ್ಟೆಂದು ಹೇಳುತ್ತವಂತೆ. ಬೆರಳನ್ನು ಹಾಳೆಯ ಮೇಲಿಟ್ಟು ಕರೆಂಟ್ ಅಳೆಯುವ ಮಂದಿ ಇವರು! ನಗು ಬಂತು.

19 ಫೆಬ್ರವರಿ, ಸೋಮವಾರ

ಇಂದು ನಿಂಗರಾಜನ ಹೋಟೆಲಿನಲ್ಲಿ ಭಾರೀ ಮಜಾ. ಮೋಟಾರಿನ ಕಂಡೆನ್ಸರ್, ಅಂದರೆ ಕರೆಂಟ್ ತುಂಬಿಟ್ಟುಕೊಳ್ಳುವ ಸಣ್ಣ ಡಬ್ಬಿ, ಒಂದನ್ನು ಚಾರ್ಜ್ ಮಾಡಿ ಕಿಸೆಯಲ್ಲಿಟ್ಟುಕೊಂಡು ಹೋಗಿದ್ದೆ. "ನಿಂಗ್ಯಾ, ಇದನ್ನ ಸ್ವಲ್ಪ ಹಿಡಕೊಳೋ, ಬೀಡಿ ಹಚ್ಚಕೊಂತೀನಿ" ಅಂದೆ. ಹಿಡಿದ. ಹಿಡಿದವನೇ ಒಲೆಯ ಮೇಲಿನ ಚಹಾದ ಕಿಟ್ಲಿಗೆ ಮೊಣಕೈ ಬಡಿದು ಹಿಂದಕ್ಕೆ ಜಿಗಿದ.

"ನಿನ್ನ ಹೆಣಾ ಎತ್ಲಿ ಭಾಗ್ಯಾ! ಎದಿ ಝಲ್ ಅಂತು!"

"ಎದಿ ಅದ ಅಂತ ಗೊತ್ತಾತಲ್ಲ, ಖುಷಿ ಪಡು."

ಎಲ್ಲರೂ ನಕ್ಕರು. ಲೈನ್‌ಮನ್ ವಹಾಬ ಮಾತ್ರ ನಗಲಿಲ್ಲ. ಇಪ್ಪತ್ತು ವರ್ಷದಿಂದ ಈ ಭಾಗದ ಕಂಬ ಹತ್ತುತ್ತಿದ್ದಾನೆ, ನಾನೂ ಅವನೂ ಒಂದೇ ವಾರಗೆಯವರು. ಹೊರಗೆ ಬಂದ ಮೇಲೆ ಹೇಳಿದ, "ಭಾಗಣ್ಣ, ಸುಗಲಮ್ಮನ ಹೊಲದಾಗಿನ ಗೂಟ ಕಿತ್ತಿ ಹಾಕು. ನೀ ಬಡಿದಾಗ ಕೆರಿ ನೀರು ಹತ್ತು ಹೆಜ್ಜಿಗೆ ಇತ್ತು. ಈಗ ನೋಡು, ಎಲ್ಲಿಗೆ ಸರದದ."

"ನೀ ಕಂಬ ಹತ್ತೋ ಮಂಗ್ಯಾ. ಕೆಳಗಿನ ನೆಲದ ಉಸಾಬರಿ ನಿನಗ್ಯಾಕ?"

"ಬಲ್ಬ್ ಇದ್ದಾಗ ಸುಮ್ಮನಿದ್ದೆ. ಈಗ ಸಾವಿರ ವ್ಯಾಟಿನ ಕಾಯಿಲ್ ಹಚ್ಚೀದಿ. ಖರೇ ಹೇಳ್ತೀನಿ, ತಗಿ."

ಕಾಯಿಲ್ ಎಂದರೆ ಬಕೀಟಿನಲ್ಲಿ ಇಳಿಬಿಟ್ಟು ನೀರು ಕಾಯಿಸುವುದು. ಅಕ್ಕನ ಗಂಡ ಬಾಲರಾಜ ಭಾವ ಕೆರೆಯ ನೀರಿನಲ್ಲಿ ನಿಂತು ಬಲೆ ಎಳೆದು ಎಳೆದು ಸೊಂಟ ಹಿಡಿಸಿಕೊಂಡಿದ್ದಾನೆ. ದೀಪಾವಳಿಗೆ ನಾನೇ ತಂದು ಹಚ್ಚಿಕೊಟ್ಟೆ. ವಹಾಬನಿಗೆ ಹೊಟ್ಟೆಕಿಚ್ಚು.

1 ಮಾರ್ಚ್, ಶುಕ್ರವಾರ

ಅಕ್ಕ ಫೋನು ಮಾಡಿ ಕರೆದಳು. "ತಮ್ಮಾ, ಕಾಯಿಲ್ ಸತ್ತದೇನೋ. ಮೊದಲ ಅರ್ಧ ತಾಸಿಗೆ ನೀರು ಕಾಯ್ತಿತ್ತು. ಈಗ ಒಂದೂವರಿ ತಾಸು ಹಿಡೀತದ."

ನೋಡಿದ ಕೂಡಲೇ ಗೊತ್ತಾಯಿತು. "ಕಾಯಿಲ್ ಸತ್ತಿಲ್ಲ. ಗೂಟಕ್ಕ ನೀರಡಿಕಿ ಆಗ್ಯಾದ. ದಿನಾ ಮುಂಜಾನೆ ಒಂದು ಕೊಡ ನೀರು ಕುಡಸು."

ಭಾವ ಅಂಗಳದಲ್ಲಿ ಬಲೆ ಹೆಣೆಯುತ್ತ ಕೂತಿದ್ದ. "ಎಮ್ಮಿಗೂ ನೀರು, ಗೂಟಕ್ಕೂ ನೀರು. ಹಾಲು ಯಾವುದು ಜಾಸ್ತಿ ಕೊಡ್ತದ ನೋಡೋಣಂತ" ಅಂದ.

"ಬಟನ್ ಬಂದ್ ಮಾಡಿ ಹಾಕಬೇಕೇನು?" ಅಕ್ಕ ಕೇಳಿದಳು.

"ಚಾಲೂ ಇದ್ದಾಗಽ ಹಾಕು. ಬಕೀಟಿನಾಗ ನೀರು ಗುಂಯ್ ಅಂದ್ರ ಗೂಟಕ್ಕ ಮುಟ್ಟಿತು ಅಂತ ತಿಳಕೋ. ಅದು ನೆಲ ಅಕ್ಕಾ, ನೆಲಕ್ಕ ಯಾಕ ಅಂಜಬೇಕು?"

ಹಾಕಿದಳು. ಗುಂಯ್ ಅಂದಿತು. ಭಾವ ಚಪ್ಪಾಳೆ ತಟ್ಟಿದ.

6 ಮಾರ್ಚ್, ಬುಧವಾರ

ನಿನ್ನೆ ಬಾಲರಾಜ ಭಾವ ಹೋದ. ಕರೆಂಟ್ ಹೊಡೆದು.

ಮುಂಜಾನೆ ಎಂಟರ ಸುಮಾರು ಅಕ್ಕನ ಕೂಗು ಕೇಳಿ ಮಂದಿ ಓಡಿದರು, ನಾನೂ ಓಡಿದೆ. ಭಾವ ಬೋರ್‌ವೆಲ್ಲಿನ ಹತ್ತಿರ ಬೋರಲು ಬಿದ್ದಿದ್ದ. ಕೊಡ ಪಕ್ಕದಲ್ಲಿ ಉರುಳಿತ್ತು. ನಾನೇ ಮೇನ್ ತೆಗೆದೆ. 108ಕ್ಕೆ ಫೋನು ಮಾಡಿದೆವು. ಗಾಡಿ ಬರುವ ಹೊತ್ತಿಗೆ ಕೈ ತಣ್ಣಗಾಗಿದ್ದವು.

ಪೊಲೀಸರು ಹನ್ನೊಂದಕ್ಕೆ ಬಂದರು. ಅದಕ್ಕೂ ಮೊದಲು ನಾನು ಗೂಟ ಕಿತ್ತು, ಕುಣಿಗೆ ಮಣ್ಣು ಎಳೆದೆ. ಅಷ್ಟು ಮಂದಿ ಓಡಾಡುವ ಜಾಗ, ಯಾರಾದರೂ ಎಡವಿ ಬಿದ್ದಾರೆಂದು. ಕಾಯಿಲನ್ನೂ ಬಿಚ್ಚಿಕೊಂಡು ಮನೆಗೆ ತಂದೆ, ಸುಟ್ಟಿರಬಹುದು, ನೋಡೋಣ ಎಂದು. ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆಯ ಮುಚ್ಚಳ ತೆರೆದಿತ್ತು. ಅಥವಾ ನಾನು ತೆರೆದೆನೋ, ನೆನಪಿಲ್ಲ.

ಸಾಹೇಬರು ಕೇಳಿದಾಗ, "ಸ್ಟಾರ್ಟರ್ ರಿಪೇರಿ ಮಾಡಾಕತ್ತಿದ್ನೇನೋರಿ. ಒಂಬತ್ತರ ತನಕ ಲೈನ್ ಬಂದ್ ಅಂತ ಹೇಳಿದ್ರು. ಲೈನ್‌ಮನ್ ಒಂದೂವರಿ ತಾಸು ಮೊದಲೇ ಕೊಟ್ಟಾನ" ಅಂದೆ. ಬರೆದುಕೊಂಡರು.

ಸಂಜೆ ಮಣ್ಣು ಮಾಡಿ ಬಂದೆವು. ಅದಕ್ಕೆ ಮೊದಲೇ ಉಮಾ ಶಹಾಪುರದಿಂದ ಬಂದಿದ್ದಳು. ಅಪ್ಪನ ಎರಡೂ ಅಂಗೈ ತೆರೆದು ನೋಡಿದಳು. ಎರಡರಲ್ಲೂ ಸುಟ್ಟ ಗೆರೆ ಇದ್ದವು. ಅಳಲಿಲ್ಲ.

9 ಮಾರ್ಚ್, ಶನಿವಾರ

ವಹಾಬನನ್ನು ಕೆಲಸದಿಂದ ನಿಲ್ಲಿಸಿದ್ದಾರೆ. ಪೊಲೀಸ್ ಕೇಸೂ ಆಗಿದೆಯಂತೆ. ಲೈನಿನ ಕೆಲಸ ಬೇಗ ಮುಗಿದಿತ್ತು, ಮೇಲಿನವರಿಗೆ ಕೇಳಿಯೇ ಏಳೂವರೆಗೆ ಕೊಟ್ಟೆ, ಫೋನಿನ ಗುಂಪಿಗೂ ಸುದ್ದಿ ಹಾಕಿದ್ದೆ ಅನ್ನುತ್ತಾನೆ. ನಿನ್ನೆ ನಮ್ಮ ಹುಡುಗರು ಅವನ ಬೈಕನ್ನು ಕಾಲುವೆಗೆ ದೂಡಿದರು.

ಹೋಟೆಲಿನಲ್ಲಿ ನಾನು ಹೇಳಿದೆ, ಕಂಬ ಹತ್ತುವವನಿಗೆ ಕೆಳಗಿನವರ ಜೀವದ ಬೆಲೆ ತಿಳಿಯುವುದಿಲ್ಲ ಎಂದು. ಎಲ್ಲರೂ ತಲೆ ಆಡಿಸಿದರು. ಗೂಟದಿಂದ ಆದದ್ದು ಎಂದು ವಹಾಬ ಹೇಳುತ್ತಿದ್ದಾನಂತೆ. ನಿಂಗರಾಜ ಅಂದ, "ನಮ್ಮ ಹೊಲದಾಗೂ ಭಾಗಣ್ಣನ ಗೂಟ ಅದ. ನಾವು ಸತ್ತೀವೇನು? ತನ್ನ ತಪ್ಪು ಮುಚ್ಚಾಕ ನೆಲದ ಮ್ಯಾಲ ಹಾಕ್ತಾನ."

ಪಂಚನಾಮೆಯಲ್ಲಿ ಗೂಟ ಇಲ್ಲ. ಇಲ್ಲದ್ದನ್ನು ಯಾರು ನಂಬುತ್ತಾರೆ?

ಚಹಾ ಕುಡಿಯಲು ಆಗಲಿಲ್ಲ. ಹಾಲು ಕೆಟ್ಟಿತ್ತು.

13 ಮಾರ್ಚ್, ಬುಧವಾರ

ಮುಂಜಾನೆ ಅಕ್ಕನ ಹೊಲಕ್ಕೆ ಹೋದೆ. ಅಕ್ಕ ಕೊಡ ಹೊತ್ತು ಬೋರಿನ ಕಡೆ ಹೊರಟಿದ್ದಳು. ಗೂಟ ಇದ್ದ ಜಾಗದಲ್ಲಿ, ನಾನು ಮಣ್ಣು ಎಳೆದ ಜಾಗದಲ್ಲಿ, ನಿಧಾನವಾಗಿ ಇಡೀ ಕೊಡ ಸುರಿದಳು. ಬರಿಗೊಡ ಹಿಡಿದು ಸ್ವಲ್ಪ ಹೊತ್ತು ನಿಂತಳು. ಏನನ್ನೋ ಕೇಳಿಸಿಕೊಳ್ಳುವವಳ ಹಾಗೆ.

"ಅಕ್ಕಾ, ಏನ್ ಮಾಡಾಕತ್ತೀ? ಗೂಟ ಇಲ್ಲ ಅಲ್ಲಿ."

"ಗೊತ್ತದ."

ಕೊಡ ಬೋರಲು ಹಾಕಿ ಒಳಗೆ ಹೋದಳು. ದುಃಖಕ್ಕೆ ಹೀಗೆ ಆಗುತ್ತದೆ. ಸುರಪುರದ ಡಾಕ್ಟರಿಗೆ ತೋರಿಸಬೇಕು.

17 ಮಾರ್ಚ್, ಭಾನುವಾರ

ಉಮಾ ಕೇಳಿದಳು, "ಮಾಮಾ, ಗೂಟ ಎಲ್ಲಿ?"

"ತುಕ್ಕು ಹಿಡಿದಿತ್ತು. ಗುಜರಿಗೆ ಹಾಕಿದೆ."

"ಕಾಯಿಲ್?"

"ಸುಟ್ಟಿತ್ತು."

"ಸುಟ್ಟಿದ್ರ ಬಕೀಟಿನ ನೀರು ಬೆಚ್ಚಗ ಹ್ಯಾಂಗ ಇತ್ತು? ಅದಽ ನೀರು ತಂದು ಅಪ್ಪನ ಮಾರಿಗೆ ಹೊಡೆದೆ ಅಂತ ಅವ್ವ ಹೇಳಿದ್ಳು."

ಗದರಿಸಿದೆ. ಎರಡು ಅಕ್ಷರ ಕಲಿತವರಿಗೆ ಹಿರಿಯರ ಮೇಲೆ ಗುಮಾನಿ ಜಾಸ್ತಿ ಅಂದೆ. ಅವಳು ಸಿಟ್ಟು ಮಾಡಲಿಲ್ಲ. ಅದೇ ಕೆಟ್ಟದಾಯಿತು.

ಗೂಟ ನನ್ನ ಮನೆಯ ಹಿಂದೆ, ಕಟ್ಟಿಗೆಯ ಒಟ್ಟಿಲಿನ ಕೆಳಗೆ ಇದೆ. ತುಕ್ಕೇನೂ ಹಿಡಿದಿಲ್ಲ.

18 ಮಾರ್ಚ್, ಸೋಮವಾರ

ವಹಾಬನ ಹೆಂಡತಿ ಮದೀನಾಬೀ ಬಂದಿದ್ದಳು. ಒಳಗೆ ಬರಲಿಲ್ಲ, ಕಟ್ಟೆಯ ಮೇಲೆ ಕೂತಳು.

"ಅಣ್ಣಾರ, ಒಂದನೇ ತಾರೀಕಿಗೆ ಸುರಪುರದಾಗ ವಿಚಾರಣಿ ಅದ. ಗೂಟ ಇತ್ತು ಅಂತ ನೀವೊಂದು ಮಾತು ಹೇಳ್ರಿ. ಅದರಿಂದಽ ಆತು ಅಂತ ಹೇಳಬ್ಯಾಡ್ರಿ. ಇತ್ತು ಅಂತ ಅಷ್ಟಽ."

"ನೋಡೋಣಮ್ಮ" ಅಂದೆ.

"ಅವರು ಮನಿಯಾಗ ಬಟನ್ ಸುದ್ದಾ ಮುಟ್ಟವಲ್ರು. ಫ್ಯಾನ್ ಹಚ್ಚಂದ್ರ ನನ್ನ ಕರೀತಾರ. ಇಪ್ಪತ್ತು ವರ್ಷ ಕಂಬ ಹತ್ತಿದ ಮನಷಾ!"

ಅವಳು ಹೋದ ಮೇಲೆ ಚಾವಣಿಯ ಬಲ್ಬು ಬಿಚ್ಚಿ ಒರೆಸಿ ಹಾಕಿದೆ. ಕೆಲಸ ಇರಲಿಲ್ಲ.

22 ಮಾರ್ಚ್, ಶುಕ್ರವಾರ

ಉಮಾ ಕಾಲೇಜಿಗೆ ಹೋಗಿಲ್ಲ. ಇಂದು ನನ್ನ ಮನೆಗೇ ಬಂದು ಈ ನೋಟ್‌ಬುಕ್ ಕೇಳಿದಳು. ಅವಳಿಗೆ ಬೇಕಾಗಿದ್ದದ್ದು ಮೊದಲ ಹಾಳೆ ಮಾತ್ರ. ನಾನೇ ಹಿಡಿದು ತೋರಿಸಿದೆ, ನಾನು ಬರೆದ ಹಾಳೆಗಳನ್ನು ಒತ್ತಿ ಹಿಡಿದುಕೊಂಡು.

ಕಾಯಿಲಿನ ರಟ್ಟಿನ ಡಬ್ಬಿ ಅವಳ ಕೈಯಲ್ಲಿತ್ತು. ಅದರ ಮೇಲೆ 230 ವೋಲ್ಟ್, 1000 ವ್ಯಾಟ್ ಎಂದು ಬರೆದಿದೆ.

"ಮಾಮಾ, ಪವರ್ ಅಂದ್ರ ವೋಲ್ಟೇಜಿಗೆ ಕರೆಂಟ್ ಗುಣಿಸೋದು. ಸಾವಿರಕ್ಕ ಇನ್ನೂರಾ ಮೂವತ್ತು ಭಾಗಿಸಿದ್ರ 4.35 ಆಂಪಿಯರ್. ಇಷ್ಟು ಎಳೀಬೇಕು ಈ ಕಾಯಿಲ್. ಈಗ ತಡೆ ನೋಡು." ತ್ರಿಕೋನದಲ್ಲಿ ತಡೆಯ ಮೂಲೆಯನ್ನು ಬೆರಳಿನಿಂದ ಮುಚ್ಚಿದಳು. "230 ಭಾಗಾಕಾರ 4.35. ಐವತ್ಮೂರು ಓಮ್."

"ಆತು. ಅದರಿಂದೇನು?"

"ಅರ್ಧ ತಾಸಿಗೆ ಕಾಯೋ ನೀರು ಒಂದೂವರಿ ತಾಸಿಗೆ ಕಾದ್ರ, ಕಾಯಿಲಿಗೆ ಮುಟ್ಟಿದ ಪವರ್ ಮೂರರಾಗ ಒಂದು ಪಾಲು. ಅಂದ್ರ ಕಾಯಿಲಿಗೆ ಪೂರಾ ವೋಲ್ಟೇಜ್ ಸಿಗಾಕತ್ತಿಲ್ಲ. ಉಳಿದದ್ದು ಎಲ್ಲಿ ಹೋತು?"

"ನೆಲಕ್ಕ ಹೋತು."

"ನೆಲದಾಗ ಕರಗಿಹೋಗಂಗಿಲ್ಲ ಮಾಮಾ. ಒಣ ನೆಲ ತಡೀತದ. ಎಷ್ಟು ತಡೀತದೋ ಅಷ್ಟು ವೋಲ್ಟೇಜ್ ಗೂಟದ ಮ್ಯಾಲಽ ನಿಂತಿರ್ತದ. ಎಷ್ಟಿತ್ತು ಅಂತ ಹೇಳಬೇಕಂದ್ರ ನನಗ ಅದಽ ಕಾಯಿಲ್ ಬೇಕು, ಅದಽ ಗೂಟ ಬೇಕು, ಅದಽ ಕುಣಿ ಬೇಕು."

ನಾನು ಇಪ್ಪತ್ತೈದು ವರ್ಷ ಈ ಕೆಲಸ ಮಾಡಿದ್ದೇನೆ. ಗೂಟದ ಮೇಲೆ ಏನಾದರೂ ನಿಂತಿರುತ್ತದೆ ಎಂದು ಒಂದು ದಿನವೂ ಅನ್ನಿಸಿರಲಿಲ್ಲ. ನೆಲಕ್ಕೆ ಹೋದದ್ದು ಮುಗಿಯಿತು ಎಂದುಕೊಂಡಿದ್ದೆ.

ಇಲ್ಲವೆಂದೆ. ಗುಜರಿಗೆ ಹಾಕಿದೆನೆಂದು ಮತ್ತೊಮ್ಮೆ ಹೇಳಿದೆ.

23 ಮಾರ್ಚ್

230, 53. ಬರೆದೆ, ಅಳಿಸಿದೆ.

27 ಮಾರ್ಚ್, ಬುಧವಾರ

ಅಕ್ಕ ಮೂರು ದಿನದಿಂದ ರೊಟ್ಟಿ ಮುಟ್ಟಿಲ್ಲ ಎಂದು ಉಮಾ ಹೇಳಿ ಕಳಿಸಿದಳು. ಹೋದೆ. ಅಕ್ಕ ಒಲೆಯ ಮುಂದೆ ಸುಮ್ಮನೆ ಕೂತಿದ್ದಳು, ಒಲೆ ಹಚ್ಚಿರಲಿಲ್ಲ. ಉಮಾ ಹೊರಗೆ ಎಮ್ಮೆಗೆ ಮೇವು ಹಾಕುತ್ತಿದ್ದಳು.

"ತಮ್ಮಾ, ಒಂದು ಮಾತು ಹೇಳ್ತೀನಿ. ಕೂಸಿಗೆ ಹೇಳಬ್ಯಾಡ."

"ಹೇಳು."

"ದಿನಾ ಗೂಟಕ್ಕ ನೀರು ಹಾಕ್ತಿದ್ದಾಕಿ ನಾನು. ಆ ದಿನ ನನ್ನ ಕೈಯಾಗ ರೊಟ್ಟಿ ಹಿಟ್ಟಿತ್ತು. ಇವತ್ತೊಂದಿನ ನೀವು ಹಾಕಿ ಬರ್ರಿ ಅಂತ ನಾನಽ ಅಂದೆ. ಒಲ್ಲೆ, ನೀರು ಇನ್ನೊಂದೀಟು ತಡಾ ಆಗಿ ಕಾಯ್ಲಿ ಅಂದ್ರು. ನಾನಽ ಬೆನ್ನು ಹತ್ತಿ ಕಳಿಸಿದೆ."

"ಅಕ್ಕಾ..."

"ಎಡಗೈಲೆ ಬೋರಿನ ಪೈಪಿನ ನಲ್ಲಿ ಹಿಡಕೊಂಡು ಕೊಡ ತುಂಬಿದ್ರು. ಆ ಕೈ ತಗೀದಽ, ಗೂಟದ ತಂತಿ ಸಡ್ಲಾಗ್ಯಾದ ಅಂತ ಬಲಗೈಲೆ ಒತ್ತಿದ್ರು. ನಾ ಬಾಗಲದಾಗ ನಿಂತು ನೋಡಾಕತ್ತಿದ್ದೆ. ಕೈ ಬಿಡ್ರಿ ಅಂತ ಕೂಗಿದೆ. ಬಿಡಾಕ ಆಗಲಿಲ್ಲ ಅವರಿಗೆ." ಒಲೆಯ ತಣ್ಣನೆ ಬೂದಿ ಕೆದಕಿದಳು. "ವಹಾಬ ಅಲ್ಲ ಕೊಂದಾಂವ. ನಾನು. ಅದಕ್ಕಽ ದಿನಾ ಹೋಗಿ ಹಾಕ್ತೀನಿ. ನನ್ನ ಪಾಳಿ ತಪ್ಪಿಸಿದ್ದೆ."

ಹೇಳಬೇಕಾದ ಮಾತು ನನ್ನ ಬಾಯಲ್ಲಿ ಇತ್ತು. ಎದ್ದು ಬಂದೆ. ದಾರಿಯಲ್ಲಿ ಕೆರೆಯ ಕಡೆ ನೋಡಿದೆ. ನೀರು ದೂರ ಹೋಗಿದೆ. ಹಕ್ಕಿಗಳು ಕೆಸರಿನಲ್ಲಿ ನಿಂತಿದ್ದವು. ಅಕ್ಕ ಹೇಳಿದ್ದರಲ್ಲಿ ನನ್ನ ಹೆಸರು ಎಲ್ಲೂ ಬರಲಿಲ್ಲ. ನೀರು ಹಾಕು ಎಂದು ಹೇಳಿದವನು ನಾನೆಂಬುದು ಅವಳಿಗೆ ನೆನಪೇ ಇಲ್ಲವೋ, ಇದ್ದೂ ಹೇಳಲಿಲ್ಲವೋ.

28 ಮಾರ್ಚ್, ಗುರುವಾರ

ಮುಂಜಾನೆ ಆರಕ್ಕೆ ಗೂಟ ಹೆಗಲಿಗೆ ಹಾಕಿಕೊಂಡು, ಕಾಯಿಲ್ ಚೀಲದಲ್ಲಿಟ್ಟುಕೊಂಡು ಹೋದೆ. ಉಮಾ ಅಂಗಳ ಗುಡಿಸುತ್ತಿದ್ದಳು. ಕಸಬರಿಗೆ ಕೈಯಲ್ಲಿ ಹಿಡಿದೇ ಗೂಟವನ್ನು ನೋಡಿದಳು.

"ಗುಜರಿಯಾಂವ ತಿರುಗಿ ಕೊಟ್ನೇನು ಮಾಮಾ?"

"ಸುತ್ತಿಗಿ ತಾ" ಅಂದೆ.

ಅದೇ ಕುಣಿಗೆ ಬಡಿದೆ. ಮೇಲಿನ ಒಂದು ಮೊಳ ಮಣ್ಣು ಅಕ್ಕನ ನೀರಿಗೆ ಹಸಿಯಾಗಿತ್ತು, ಕೆಳಗೆ ಕಲ್ಲಿನಂತೆ ಒಣ. ಉಮಾ ರಬ್ಬರ್ ಚಪ್ಪಲಿ, ಕೈಗೆ ರಬ್ಬರ್ ಗವಸು ಹಾಕಿಕೊಂಡಳು. ಒಂದೊಂದು ಜೊತೆ ನನಗೂ ಕೊಟ್ಟಳು, ಹಾಕಿಕೊಂಡೆ. ಐಟಿಐ ಮೇಷ್ಟ್ರ ಹತ್ತಿರ ಕೇಳಿ ಮೀಟರನ್ನೂ, ತಂತಿಯನ್ನು ಚಿಮಟದಂತೆ ಕಚ್ಚಿ ಹಿಡಿದು ಕರೆಂಟ್ ಅಳೆಯುವ ಟಾಂಗ್ ಟೆಸ್ಟರನ್ನೂ ಮೊದಲೇ ತರಿಸಿಟ್ಟಿದ್ದಳು. ಅಕ್ಕನನ್ನು ಒಳಗೆ ಕೂಡಿಸಿ ಬಾಗಿಲು ಮುಂದೆ ಮಾಡಿದೆವು. ಬಕೀಟಿಗೆ ನೀರು ತುಂಬಿ ಬಟನ್ ಒತ್ತಿದೆ.

ಅವಳು ಹೇಳಿದಳು, ನಾನು ಬರೆದುಕೊಂಡೆ. ಇಲ್ಲಿ ಅದನ್ನೇ ಇಳಿಸುತ್ತೇನೆ.

ಲೈನ್ ವೋಲ್ಟೇಜ್ 230.
ಕರೆಂಟ್ 2.3 ಆಂಪಿಯರ್. (4.35 ಇರಬೇಕಿತ್ತು.)
230 ಭಾಗಾಕಾರ 2.3, ಒಟ್ಟು ತಡೆ 100 ಓಮ್.
ಅದರಲ್ಲಿ ಕಾಯಿಲ್ 53. ಉಳಿದ 47 ನೆಲದ್ದು.
2.3 ಗುಣಿಸು 47, ಗೂಟದ ಮೇಲೆ 108 ವೋಲ್ಟ್.

"ನೂರಾ ಎಂಟು" ಅಂದಳು. ಆ ದಿನ ನಾವು ಫೋನಿನಲ್ಲಿ ಒತ್ತಿದ ನಂಬರು ನೆನಪಾಯಿತು. ಅವಳಿಗೂ ಆಗಿರಬೇಕು, ಪೆನ್ನು ನಿಂತಿತು.

"ಲೆಕ್ಕ ತಪ್ಪಿರಬೇಕು" ಅಂದೆ.

ಮೀಟರಿನ ಒಂದು ತುದಿಯನ್ನು ಬೋರಿನ ಪೈಪಿಗೆ, ಇನ್ನೊಂದನ್ನು ಗೂಟಕ್ಕೆ ಮುಟ್ಟಿಸಿದಳು. 106 ತೋರಿಸಿತು.

"ಎರಡು ವೋಲ್ಟ್ ಕಡಿಮಿ ಅದ."

"ಕಾಯಿಲಿನಿಂದ ಗೂಟದ ತನಕ ಬಂದ ಉದ್ದ ವೈರ್ ತಿಂದದ. ಮಾಮಾ, ಇವತ್ತು ಅವ್ವನ ನೀರು ಕುಡಿದು ಇಷ್ಟದ. ಆ ದಿನ ಇದಕ್ಕಿಂತ ಕಡಿಮಿ ಇದ್ದಿರಾಕ ಸಾಧ್ಯ ಇಲ್ಲ." ಪೆನ್ನು ಮತ್ತೆ ಹಿಡಿದಳು. "ಹಸಿ ಕೈಯಾಗ ಮನಷಾನ ತಡೆ ಸಾವಿರ ಓಮ್ ಅಂತ ಹಿಡೀತಾರ. ಒಂದು ಕೈ ಪೈಪಿನ ಮ್ಯಾಲ, ಒಂದು ಕೈ ಗೂಟದ ಮ್ಯಾಲ. ನೂರಾ ಎಂಟು ಭಾಗಾಕಾರ ಸಾವಿರ. ಒಂದು ಆಂಪಿಯರಿನ ಹತ್ತನೇ ಪಾಲು. ಎದಿಯೊಳಗಿಂದ."

"ಅಷ್ಟಽ? ಬಲ್ಬೂ ಮಿಣಿಮಿಣಿ ಅಂತದ ಅಷ್ಟಕ್ಕ."

"ಇದರ ಮೂರನೇ ಪಾಲು ಇದ್ರೂ ಕೈ ಬಿಡಸಾಕ ಆಗಂಗಿಲ್ಲ. ಹಿಡಿದದ್ದು ಹಿಡದಂಗಽ ಇರ್ತದ."

ಅಕ್ಕ ಕೂಗಿದ್ದು ಇದನ್ನೇ. ನಾನು ಬಟನ್ ಬಂದ್ ಮಾಡಿದೆ. ಉಮಾ ಗವಸು ತೆಗೆದು ಮಡಚಿಟ್ಟಳು. ನಂತರ ಅತ್ತಳು, ಮೊದಲ ಸಲ. ನಾನು ಹತ್ತಿರ ಹೋದಾಗ ಸರಿದು ಕೂತಳು.

ಬಾಗಿಲು ತೆರೆದು ಅಕ್ಕನಿಗೆ ಹೇಳಿದೆ. ನಿಂತೇ ಹೇಳಿದೆ. ಗೂಟ ಬಡಿದವನು ನಾನು, ಕಾಯಿಲ್ ಹಚ್ಚಿದವನು ನಾನು, ಚಾಲೂ ಇದ್ದಾಗ ನೀರು ಹಾಕು ಅಂದವನು ನಾನು, ಪೊಲೀಸರು ಬರುವ ಮೊದಲು ಕಿತ್ತವನು ನಾನು. ನೀನು ಹೋಗಿದ್ದರೆ ನೀನು ಸಾಯುತ್ತಿದ್ದೆ, ಅಷ್ಟೇ. ವಹಾಬ ಒಂದು ತಿಂಗಳ ಹಿಂದೆ ತೆಗಿ ಅಂದಿದ್ದ.

ಅಕ್ಕ ಬಹಳ ಹೊತ್ತು ನನ್ನ ಕಾಲು ನೋಡಿದಳು. ರಬ್ಬರ್ ಚಪ್ಪಲಿ ಇನ್ನೂ ನನ್ನ ಕಾಲಲ್ಲೇ ಇದ್ದವು.

"ನೀ ಹೋಗು" ಅಂದಳು.

1 ಏಪ್ರಿಲ್, ಸೋಮವಾರ, ಸುರಪುರ

ಗೂಟವನ್ನು ಗೋಣಿಚೀಲದಲ್ಲಿ ಸುತ್ತಿ ಟಂಟಂ ಆಟೊದಲ್ಲಿ ತಂದೆ. "ಏನ್ ಭಾಗಣ್ಣ, ಸುರಪುರಕ್ಕೂ ಗೂಟ ಬಡಿತೀಯೇನು?" ಎಂದು ಒಬ್ಬ ನಕ್ಕ. ಚೀಲವನ್ನು ಮೊಣಕಾಲಿಗೆ ಒತ್ತಿ ಹಿಡಿದೆ.

ವಿಚಾರಣೆ ಮಾಡುವ ಕರೆಂಟ್ ಇಲಾಖೆಯ ಸಾಹೇಬರ ಹೆಸರು ವಿಶ್ವರಾಧ್ಯ. ಕೂಡು ಅಂದರು, ಕೂಡಲಿಲ್ಲ. ಚೀಲ ಬಿಚ್ಚಿ ಮೇಜಿನ ಮುಂದೆ ಇಟ್ಟೆ.

"ಏನಿದು?"

"ಪಂಚನಾಮೆದಾಗ ಇಲ್ಲದ್ದುರಿ."

ಎಲ್ಲ ಹೇಳಿದೆ. ಸಾಹೇಬರು ಕನ್ನಡಕ ತೆಗೆದರು. "ಗೂಟದ ಮ್ಯಾಲ ಅಷ್ಟು ವೋಲ್ಟೇಜ್ ಇತ್ತು ಅಂತ ಹ್ಯಾಂಗ ಹೇಳ್ತೀಯಪ್ಪಾ? ಅಂದಾಜೇನು?"

ಅಂದಾಜು ಅಲ್ಲರಿ ಅಂದೆ. ಪೆನ್ನು ಕೇಳಿ ಅವರ ಕಾಗದದ ಮೇಲೆ ಬರೆದೆ. ಸಾವಿರ ಭಾಗಾಕಾರ ಇನ್ನೂರ ಮೂವತ್ತು. ಇನ್ನೂರ ಮೂವತ್ತು ಭಾಗಾಕಾರ ಎರಡು ಪಾಯಿಂಟ್ ಮೂರು. ಕಾಯಿಲಿಗೆ ಮುಟ್ಟಿದ ಪವರ್ 280, ನೆಲ ತಿಂದದ್ದು 249, ಒಟ್ಟು 529. ತಾಳೆ ನೋಡಿರಿ ಅಂದೆ. ಅವರು ತಮ್ಮ ಫೋನಿನಲ್ಲಿ ಗುಣಿಸಿ ನೋಡಿದರು.

"ಎಷ್ಟು ಓದೀದಿ?"

"ಏಳನೇತ್ತೆರಿ. ಇದು ಅಕ್ಕನ ಮಗಳು ಕಲಿಸಿದ್ದು. ಸತ್ತಾಂವನ ಮಗಳು."

ನನ್ನ ಹೇಳಿಕೆ ಬರೆಸಿಕೊಂಡರು, ಸಹಿ ಹಾಕಿದೆ. ಸ್ಥಳಕ್ಕೆ ಬಂದು ತಾವೇ ಅಳೆಯುತ್ತಾರಂತೆ. ಗೂಟಕ್ಕೆ ಚೀಟಿ ಕಟ್ಟಿ ಒಳಗಿಟ್ಟರು. ಪೊಲೀಸರು ಕರೆಯುತ್ತಾರೆ, ಊರು ಬಿಡಬೇಡ ಅಂದರು.

ಹೊರಗೆ ಬೇವಿನ ಗಿಡದ ಕೆಳಗೆ ವಹಾಬ ನಿಂತಿದ್ದ. ತಿಂಗಳಲ್ಲಿ ಹತ್ತು ವರ್ಷ ಮುದುಕನಾಗಿದ್ದಾನೆ.

"ಇಷ್ಟು ದಿನಾ ಬೇಕಾಯ್ತೇನಲೇ?" ಅಂದ.

"ಹೂಂ."

"ಉಳಿದ ಹನ್ನೆರಡು ಗೂಟ?"

ನಾನು ಅದನ್ನು ಯೋಚಿಸಿರಲೇ ಇಲ್ಲ.

4 ಏಪ್ರಿಲ್, ಗುರುವಾರ

ನಿನ್ನೆ ಐದು ಕಿತ್ತೆ. ಇಂದು ನಾಲ್ಕು. ಪ್ರತಿಯೊಂದಕ್ಕೂ ಮೊದಲು ಮೇನ್ ತೆಗೆದು, ಟೆಸ್ಟರ್ ಹಚ್ಚಿ ನೋಡಿ, ಆಮೇಲೆ ಕೈ ಹಾಕಿದೆ. ನಿಂಗರಾಜನ ಹೊಲದಲ್ಲಿ ಜಗಳವಾಯಿತು.

"ನಮ್ಮ ಬಲ್ಬ್ ಆರಿಸಾಕ ನೀ ಯಾವಾಂವ?"

"ಹಚ್ಚಿದಾಂವ."

"ನಿಮ್ಮ ಭಾವನ ನಸೀಬು ಖೊಟ್ಟಿತ್ತು, ಹೋದ. ನಮ್ಮದ್ಯಾಕ ಕೀಳ್ತಿ?"

ಅವನ ಕಂಡೆನ್ಸರ್ ದಿನದ ಮಾತು ನೆನಪಾಯಿತು. ಎದೆ ಝಲ್ ಅಂದಿತ್ತಲ್ಲ, ಅದು ತಮಾಷೆಯ ಕರೆಂಟು ಅಂದೆ. ಅವನು ಗುದ್ದಲಿ ತಾನೇ ತಂದುಕೊಟ್ಟ.

ಉಳಿದವು ಮೂರು.

9 ಏಪ್ರಿಲ್, ಮಂಗಳವಾರ, ಯುಗಾದಿ

ಹನ್ನೆರಡೂ ಮುಗಿದವು. ಪೊಲೀಸರ ನೋಟೀಸು ಬಂದಿದೆ, ಸೋಮವಾರ ಹೋಗಬೇಕು. ಸಾಹೇಬರು ಅಳೆದು ಹೋದ ಮೇಲೆ ವಹಾಬನನ್ನು ಕೆಲಸಕ್ಕೆ ಕರೆದಿದ್ದಾರೆ. ಇನ್ನೂ ಕಂಬ ಹತ್ತಿಲ್ಲವಂತೆ.

ಉಮಾ ಶಹಾಪುರಕ್ಕೆ ಹೋಗಿದ್ದಾಳೆ. ಹೋಗುವಾಗ ನನಗೆ ಹೇಳಲಿಲ್ಲ. ಚಪ್ಪಲಿ, ಗವಸು ಕೊಟ್ಟು ಬರಬೇಕೆಂದು ಮುಂಜಾನೆ ಅಕ್ಕನ ಹೊಲಕ್ಕೆ ಹೋದೆ. ಅಂಗಳದಲ್ಲಿ ಮೂರು ಕಲ್ಲು ಹೂಡಿ, ಕಟ್ಟಿಗೆ ಹಚ್ಚಿ, ಹಂಡೆಯಲ್ಲಿ ಬೇವಿನೆಲೆ ಹಾಕಿ ನೀರು ಕಾಯಿಸುತ್ತಿದ್ದಳು. ನನ್ನನ್ನು ನೋಡಿದಳು, ಕರೆಯಲಿಲ್ಲ. ಬೇಲಿಯ ಮೇಲೆ ಇಟ್ಟು ತಿರುಗಿದೆ.

ಬರುವಾಗ ಬೋರಿನ ಹತ್ತಿರ ಕುಣಿ ಇದ್ದ ಜಾಗದಲ್ಲಿ ಕೂತು ಅಂಗೈ ಇಟ್ಟು ನೋಡಿದೆ. ನೆಲ ಬಿರಿದಿತ್ತು. ಪೂರಾ ಒಣಗಿದೆ. ನಾನು ಹೇಳಿದ ದಿನದಿಂದಲೇ ಅಕ್ಕ ನೀರು ಹಾಕುವುದನ್ನು ಬಿಟ್ಟಿರಬೇಕು.